ಕಾರಣ ಬರೆಯುವವಳು

ಉಸ್ಸಪ್ಪಾ, ಮುಗಿಯಿತು. ಮುಗಿದು ಎರಡು ತಿಂಗಳಾದರೂ ಈ ಮಾತು ದಿನಕ್ಕೊಮ್ಮೆಯಾದರೂ ನನ್ನ ಬಾಯಿಂದ ಬಂದೇ ಬರುತ್ತದೆ. ನಮ್ಮ ಉಗ್ರಾಣದ ಕಾವಲಿನ ಮಫ್ಲರ್ ಅಣ್ಣ ಮತ್ತೆ ತಣ್ಣನೆ ಕೋಣೆಯ ಬಾಗಿಲಲ್ಲಿ ನಿಂತು "ಬಾಗ್ಲು ಹಾಕ್ರೀ, ಏನ್ ನಿಮ್ಮಪ್ಪನ ಮನೇನಾ" ಎಂದು ಗದರುವುದು ಕೇಳಿಸಿದರೆ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ. ಹಾಗಾಗಿ ನಮ್ಮ ಅತ್ತಿಗೆಯ ಕಥೆಯನ್ನು ಈಗ ನೆಮ್ಮದಿಯಿಂದ ಹೇಳಬಲ್ಲೆ. ಎರಡು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಸಂಬಂಧದಲ್ಲಿ ದೊಡ್ಡವಳು, ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವಳು. ಆದ್ದರಿಂದ ಅತ್ತಿಗೆ ಎಂದೂ ಕರೆಯುತ್ತೇನೆ, ಹೋಗೇ ಬಾರೇ ಎಂದೂ ಅನ್ನುತ್ತೇನೆ. ಇಬ್ಬರೂ ಒಂದೇ ಔಷಧಿ ಉಗ್ರಾಣದಲ್ಲಿ ಕೆಲಸ ಮಾಡುತ್ತೇವೆ. ನಾನು ಕಾಗದಪತ್ರ ಜೋಡಿಸಿಡುವವಳು, ಅವಳು ಅಲ್ಲಿನ ಕಂಪ್ಯೂಟರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವಳು. ಮನೆಯಲ್ಲೂ ಅವಳದೇ ಮುಖ, ಆಫೀಸಿನಲ್ಲೂ ಅವಳದೇ ಮುಖ. ಇಪ್ಪತ್ತು ವರ್ಷದಲ್ಲಿ ನಾವು ಮಾತು ಬಿಟ್ಟದ್ದು ಎರಡೇ ಸಲ, ಎರಡೂ ಸಲ ತಪ್ಪು ನನ್ನದೇ. ಇದನ್ನು ಅವಳ ಮುಂದೆ ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಅವಳು ಮೊದಲಿನಿಂದ ಕಂಪ್ಯೂಟರಿನವಳಲ್ಲ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಹೆಡ್‌ಫೋನು, ಮುಂದೆ ಸಾಲು ಸಾಲು ತೂತುಗಳ ಹಲಗೆ, ಎಂಟು ಗಂಟೆ ಕೂತಲ್ಲೇ ಕೂರಬೇಕು. ಲೈನ್ ಸಿಗದಿದ್ದಾಗ "ಸಿಗ್ತಾ ಇಲ್ಲ ಸಾರ್" ಎಂದಷ್ಟೇ ಹೇಳಬೇಕೆಂದು ಅಲ್ಲಿನ ನಿಯಮ. ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಒಂದು ದಿನ ಇವಳು ನಿಯಮ ಮುರಿದು, "ಆ ಕಡೆ ಕಂಬ ಬಿದ್ದಿದೆ ಸಾರ್, ನಾಳೆ ಮಧ್ಯಾಹ್ನದವರೆಗೂ ಸಿಗಲ್ಲ" ಎಂದಳಂತೆ. ಅಷ್ಟು ಹೊತ್ತು ಕಿರುಚುತ್ತಿದ್ದ ಮನುಷ್ಯ ಥ್ಯಾಂಕ್ಸ್ ಹೇಳಿ ಫೋನಿಟ್ಟನಂತೆ.

"ಕೆಲ್ಸ ಆಗ್ಲಿಲ್ಲ ಅಂತ ಯಾರೂ ಸಿಟ್ಟಾಗಲ್ಲ ಕಣೇ. ಯಾಕೆ ಆಗ್ಲಿಲ್ಲ ಅಂತ ಹೇಳ್ದೇ ಇದ್ರೆ ಸಿಟ್ಟಾಗ್ತಾರೆ" ಎಂದು ಆ ದಿನ ಮನೆಗೆ ಬಂದು ನನಗೆ ಹೇಳಿದಳು. ಅವಳ ವೇದಾಂತವೆಲ್ಲ ಇಷ್ಟೇ. ಮುಂದೆ ಎಕ್ಸ್‌ಚೇಂಜ್ ಮುಚ್ಚಿತು, ಕೆಲಸದವರನ್ನು ನಾಲ್ಕು ತಿಂಗಳ ಸಿ ತರಬೇತಿಗೆ ಕಳಿಸಿದರು. ತರಗತಿಯ ಮೂವತ್ತು ಜನರೂ ಉತ್ತರ ಹೇಗೆ ಪ್ರಿಂಟ್ ಮಾಡಿಸುವುದು ಎಂದು ಕೇಳಿದರೆ, ಇವಳು ಎದ್ದು ನಿಂತು "ಆಗ್ದೇ ಇದ್ರೆ ಏನು ಪ್ರಿಂಟ್ ಆಗುತ್ತೆ?" ಎಂದಳು. "ಮೊದ್ಲು ಆಗ್ಲಿ ತಾಯಿ" ಎಂದರಂತೆ ಮೇಷ್ಟ್ರು.

ಉಗ್ರಾಣಕ್ಕೆ ಬಂದ ಮೇಲೆ ಅವಳಿಗೆ ಹಬ್ಬವೋ ಹಬ್ಬ. ತಣ್ಣನೆ ಕೋಣೆಯ ಶಾಖ ನೋಡಲು ಒಂದು ಪ್ರೋಗ್ರಾಂ, ಬಾಗಿಲು ನೋಡಲು ಒಂದು, ದಾಸ್ತಾನು ನೋಡಲು ಇನ್ನೊಂದು. ಹಿಂದೆ ಬರೆದವರು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಒಂದು "ಎರರ್" ಎಂದು ಸುಮ್ಮನಾಗುತ್ತಿತ್ತು, ಒಂದು "ಫೇಲ್ ೩" ಎನ್ನುತ್ತಿತ್ತು, ಮತ್ತೊಂದು ಏನೂ ಹೇಳದೆ ಸತ್ತು ಬೀಳುತ್ತಿತ್ತು. ಅತ್ತಿಗೆ ಎಲ್ಲಕ್ಕೂ ಸೇರಿಸಿ ಒಂದೇ ಫಂಕ್ಷನ್, ಅಂದರೆ ಎಲ್ಲ ಪ್ರೋಗ್ರಾಮುಗಳೂ ಕರೆದು ಕೆಲಸ ಮಾಡಿಸಿಕೊಳ್ಳುವ ಒಂದು ತುಂಡು, ಬರೆದಳು. ಅದಕ್ಕೆ 'ದೂರು' ಎಂದು ಹೆಸರಿಟ್ಟಳು. ಯಾವ ಪ್ರೋಗ್ರಾಮಿಗೆ ಏನೇ ತೊಂದರೆಯಾದರೂ ಅದು ದೂರಿನ ಮೂಲಕವೇ ಬಾಯಿ ಬಿಡಬೇಕು. ನಾನು ಅರ್ಜಿ ನಮೂನೆಯಲ್ಲಿ ಹೆಸರಿಗೆ, ತಾರೀಕಿಗೆ ಖಾಲಿ ಗೆರೆ ಬಿಡುತ್ತೇನಲ್ಲ, ಹಾಗೆ ಅವಳು ವಾಕ್ಯದೊಳಗೆ ಶೇಕಡಾ ಗುರುತು ಹಾಕಿ ಜಾಗ ಬಿಡುತ್ತಾಳೆ; ಒಂದು ಜಾಗದಲ್ಲಿ ಸಂಖ್ಯೆ ಬಂದು ಕೂರುತ್ತದೆ, ಇನ್ನೊಂದರಲ್ಲಿ ಪದ. ಮೊದಲು ಹೊತ್ತು, ಆಮೇಲೆ ಯಾವ ಪ್ರೋಗ್ರಾಂ, ಏನು ಮಾಡಲು ಹೋಗಿತ್ತು, ಕೊನೆಗೆ ಯಾಕೆ ಆಗಲಿಲ್ಲ. ಎಲ್ಲ ಒಂದೇ ಗೆರೆಯಲ್ಲಿ, ಇಂಗ್ಲಿಷಿನ ಗಂಧವಿಲ್ಲದ ಆಡುಮಾತಿನಲ್ಲಿ, ಕಂಪ್ಯೂಟರ್ ಕೋಣೆಯ ಸಣ್ಣ ಪ್ರಿಂಟರಿನ ಪಟ್ಟಿ ಕಾಗದದ ಮೇಲೆ ಬರುತ್ತದೆ. ಮಾತುಗಳನ್ನು ತಿದ್ದಿಕೊಟ್ಟವಳು ನಾನು. "ಮಾಡಲು ಅಸಾಧ್ಯವಾಗಿರುತ್ತದೆ" ಎಂದು ಬರೆದಿದ್ದಳು ಮಹಾರಾಯ್ತಿ. "ಆಗಲಿಲ್ಲ ಅಂತ ಬರೆಯೇ, ಕಂಪ್ಯೂಟರ್ ಏನು ಕೋರ್ಟಿಗೆ ಹೋಗಿದ್ಯಾ" ಎಂದು ನಾನೇ ಹೊಡೆದುಹಾಕಿದೆ.

ದೂರಿನಲ್ಲಿ ಎರಡು ಬಗೆ. ಎಚ್ಚರಿಕೆ ಎಂದರೆ ಹೇಳಿ ಮುಂದೆ ಕೆಲಸ ಮಾಡುವುದು. ದೋಷ ಎಂದರೆ ಹೇಳಿ ನಿಂತೇಬಿಡುವುದು. ಈ ಚಾಳಿ ಮನೆಗೂ ಬಂತು. ಫ್ರಿಜ್ಜಿನ ಬಾಗಿಲ ಮೇಲೆ "ಎಚ್ಚರಿಕೆ: ಹಾಲು ಅರ್ಧ ಲೀಟರ್ ಮಾತ್ರ ಇದೆ" ಎಂದು ಚೀಟಿ. ಅದನ್ನು ನೋಡಿಯೂ ನೋಡದಂತೆ ನಮ್ಮಣ್ಣ ಬಸ್ ಓಡಿಸಲು ಹೋಗಿಬಿಟ್ಟರೆ ಸಂಜೆಗೆ "ದೋಷ: ಹಾಲಿಲ್ಲ. ಕಾರಣ: ಗಂಡ. ಅಡುಗೆ ನಿಲ್ಲಿಸಲಾಗಿದೆ." ಆಫೀಸಿನಲ್ಲಿ ಅವಳಿಗೆ ದೂರಮ್ಮ ಎಂದೇ ಹೆಸರು ಬಿತ್ತು. ಅವಳಿಗೂ ಅದರಿಂದ ಖುಷಿಯೇ.

ಅವಳ ಪಟ್ಟಿ ಕಾಗದವನ್ನು ಎಲ್ಲರಿಗಿಂತ ಪ್ರೀತಿಯಿಂದ ಓದುತ್ತಿದ್ದವನು ಮಫ್ಲರ್ ಅಣ್ಣ. ತಣ್ಣನೆ ಕೋಣೆಯ ಕಾವಲು ಅವನದು, ಇಪ್ಪತ್ತೆರಡು ವರ್ಷದಿಂದ. ಸುಡುಬಿಸಿಲಲ್ಲೂ ಕತ್ತಿಗೆ ಉಣ್ಣೆ ಮಫ್ಲರು. ಓದಿದ್ದು ಏಳನೆಯ ಕ್ಲಾಸು, ಆದರೆ ಡಾಕ್ಟರರು ಬಂದರೂ "ಚಪ್ಪಲಿ ಬಿಡಿ, ಬಾಗ್ಲು ಎಳ್ಕೊಳ್ಳಿ" ಎನ್ನುವ ಗತ್ತು. "ದೂರಮ್ಮ, ನಿಮ್ ಮಷೀನ್ ನನ್ ಹೆಂಡ್ತಿಗಿಂತ ವಾಸಿ. ಬೈದ್ರೂ ಯಾಕೆ ಅಂತ ಹೇಳಿ ಬೈಯುತ್ತೆ" ಎನ್ನುತ್ತಿದ್ದ.

ಆ ಮನುಷ್ಯನ ತಲೆಗೇ ಬಂತು. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಭಾನುವಾರ ಇಡೀ ದಿನದ ಶಾಖದ ದಾಖಲೆಯೇ ಇಲ್ಲ. ಐದು ನಿಮಿಷಕ್ಕೊಮ್ಮೆ ಬರೆಯಬೇಕಾದ ಪ್ರೋಗ್ರಾಂ ಮೂವತ್ತೊಂದು ಗಂಟೆ ಒಂದು ಸಾಲನ್ನೂ ಬರೆದಿರಲಿಲ್ಲ. ಸೋಮವಾರ ಎಂಟು ಗಂಟೆಗೆ ತಾನಾಗಿಯೇ ಮತ್ತೆ ಶುರುವಾಗಿತ್ತು. ಪ್ರಿಂಟರಿನ ಕೆಳಗೆ ಪಟ್ಟಿ ಕಾಗದ ಬುಟ್ಟಿ ತುಂಬಿ ನೆಲಕ್ಕಿಳಿದಿತ್ತು. ಅದರ ಮೇಲೆ ಮುನ್ನೂರಕ್ಕೂ ಹೆಚ್ಚು ಸಲ ಒಂದೇ ಮಾತು: "ಎಚ್ಚರಿಕೆ: ಶಾಖದ ದಾಖಲೆ ಬರೆಯಲು ಆಗಲಿಲ್ಲ. ಕಾರಣ: ಅನುಮತಿ ಇಲ್ಲ."

ಮ್ಯಾನೇಜರು ಅತ್ತಿಗೆಯನ್ನು ಕರೆಸಿದರು. ಜೊತೆಗೆ ಫೈಲು ಹಿಡಿದುಕೊಂಡು ನಾನೂ ಹೋದೆ.

"ಅನುಮತಿ ಇಲ್ಲ ಅಂದ್ರೆ ಏನಮ್ಮ ಅರ್ಥ?"

"ದಾಖಲೆ ಫೈಲಿಗೆ ಬರೆಯೋ ಹಕ್ಕನ್ನ ಯಾರೋ ತೆಗೆದುಹಾಕಿದ್ರು ಅಂತ ಸಾರ್."

"ತಾನಾಗೇ ಆಗುತ್ತಾ?"

"ಇಲ್ಲ ಸಾರ್. ಯಾರಾದ್ರೂ ಕೂತು ಮಾಡ್ಬೇಕು."

"ಮಷೀನ್ ತಪ್ಪು ಹೇಳಿರಬಹುದಾ?"

"ನನ್ನ ದೂರು ಸುಳ್ಳು ಹೇಳಲ್ಲ ಸಾರ್" ಎಂದಳು ಅತ್ತಿಗೆ. ಹೆಮ್ಮೆಯಿಂದಲೇ ಹೇಳಿದಳು. ಕೇಳಿದ ಕೂಡಲೇ ಬರೆದೂ ಕೊಟ್ಟಳು.

ರಜೆಯ ದಿನ ಕಂಪ್ಯೂಟರ್ ಕೋಣೆಯ ಕೀಲಿ ಇರುತ್ತಿದ್ದದ್ದು ಒಬ್ಬನ ಹತ್ತಿರ, ಮಫ್ಲರ್ ಅಣ್ಣನ ಹತ್ತಿರ. ಲೆಕ್ಕ ಅಲ್ಲಿಗೆ ಸರಿಹೋಯಿತು. ಇವನೇ ಎಲ್ಲೋ ಹೋಗಲು ತಣ್ಣನೆ ಕೋಣೆಯ ಬಾಗಿಲು ಸರಿಯಾಗಿ ಹಾಕದೆ ಬಿಟ್ಟಿದ್ದಾನೆ, ಶಾಖ ಏರಿದರೆ ಕೂಗುವ ಸೈರನ್ ಕಟ್ಟಿಹಾಕಿದ್ದಾನೆ, ಗೊತ್ತಾಗಬಾರದೆಂದು ದಾಖಲೆಗೂ ಬೀಗ ಹಾಕಿದ್ದಾನೆ ಎಂದಾಯಿತು. ಅವನು ದಿನಕ್ಕೆ ಮೂರು ಸಲ ಬಾಗಿಲ ಥರ್ಮಾಮೀಟರ್ ನೋಡಿ ಬರೆದಿಟ್ಟ ಕಾಗದ ತೋರಿಸಿದ. ಕಳ್ಳನ ಕಾಗದಕ್ಕೆ ಬೆಲೆಯೇನು? ಅವನನ್ನು ಮನೆಗೆ ಕಳಿಸಿದರು. ಮುಂದಿನ ವಾರದ ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ, ಅಲ್ಲಿ ತಪ್ಪು ಖಚಿತವಾದರೆ ಕೆಲಸದಿಂದ ತೆಗೆಯುವುದು ಎಂದು ನೋಟಿಸು ಟೈಪಾಯಿತು. ಟೈಪ್ ಮಾಡಿದವಳು ನಾನೇ. ಇಪ್ಪತ್ತೆರಡು ವರ್ಷದ ಮನುಷ್ಯನನ್ನು ಕಳಿಸಲು ಅರ್ಧ ಹಾಳೆ ಸಾಕಾಯಿತು.

ಅತ್ತಿಗೆ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. "ಅವ್ನು ಅಂಥವ್ನಲ್ಲ ಕಣೇ" ಎನ್ನುತ್ತಿದ್ದಳು. ಅರ್ಧ ಗಂಟೆ ಬಿಟ್ಟು "ಆದ್ರೆ ದೂರು ಸುಳ್ಳು ಹೇಳಲ್ವಲ್ಲ" ಎನ್ನುತ್ತಿದ್ದಳು. ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಯಿತು.

ವಿಚಾರಣೆಗೆ ಎರಡು ದಿನ ಮುಂಚೆ, ಮಂಗಳವಾರ ಮಧ್ಯಾಹ್ನ, ಮ್ಯಾನೇಜರು ಈ ವರ್ಷದ ಪಟ್ಟಿ ಕಾಗದಗಳನ್ನೆಲ್ಲ ಹೊಲಿದು ತರಲು ಹೇಳಿದರು. ನಾನು ಕಂತೆ ಬಿಚ್ಚಿ ತಾರೀಕಿನ ಪ್ರಕಾರ ಜೋಡಿಸುತ್ತಾ ಕೂತೆ. ಕಂಪ್ಯೂಟರ್ ಕೆಲಸ ಚೆನ್ನಾಗಿ ನಡೆದರೆ ದೂರುಗಳೂ ಕಡಿಮೆ. ಇಡೀ ವರ್ಷಕ್ಕೆ ಒಂದು ಹಿಡಿ ಕಾಗದ. ನಾಲ್ಕು ತಿಂಗಳ ಹಿಂದಿನ ಒಂದು ಚೂರು ಕೈಗೆ ಬಂತು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಇಲಿಯೊಂದು ಥರ್ಮಾಮೀಟರಿನ ತಂತಿ ಕಡಿದುಹಾಕಿತ್ತು. ಮಫ್ಲರ್ ಅಣ್ಣ ಅದನ್ನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗಿ ನನ್ನ ಮೇಜಿನ ಕೆಳಗೆ ಬಿಟ್ಟಿದ್ದ. ಕಾಗದದಲ್ಲಿ ಹೀಗಿತ್ತು: "ಎಚ್ಚರಿಕೆ: ಶಾಖ ಓದಲು ಆಗಲಿಲ್ಲ. ಕಾರಣ: ಅನುಮತಿ ಇಲ್ಲ."

ನನಗೆ ನಗು ಬಂತು. ಅತ್ತಿಗೆಯ ಮೇಜಿಗೆ ಹೋಗಿ ಅದನ್ನು ಅವಳ ಮೂಗಿನ ಮುಂದೆ ಹಿಡಿದೆ. "ಏನೇ ದೂರಮ್ಮ, ಇಲಿನೂ ನಿನ್ ಹತ್ರ ಅನುಮತಿ ಕೇಳ್ಬೇಕಿತ್ತಾ?"

ಅವಳು ನಗಲಿಲ್ಲ. ಕಾಗದ ಕಿತ್ತುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. 

"ಬೇರೆ ಇದ್ಯಾ?"

ಇತ್ತು. ಕರೆಂಟು ಹೋಗಿ ಬಂದ ದಿನದ ದೂರು, ಅನುಮತಿ ಇಲ್ಲ. ನಾನೇ ಅಪ್ಪಿತಪ್ಪಿ ದಾಸ್ತಾನು ಫೈಲು ಅಳಿಸಿದ ದಿನದ್ದು, ಅನುಮತಿ ಇಲ್ಲ. ಕೆಮ್ಮಿಗೂ ಅದೇ, ಜ್ವರಕ್ಕೂ ಅದೇ, ಕಾಲು ಮುರಿದರೂ ಅದೇ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆ ಇದೆ. ನಾವು ಇಲಿ ಹಿಡಿದು ಬೆಟ್ಟ ಕಂಡೆವು. ಅತ್ತಿಗೆ ಕೀಬೋರ್ಡಿಗೆ ಕೈಹಾಕಿ, ಇಲ್ಲವೇ ಇಲ್ಲದ ಒಂದು ಫೈಲನ್ನು ತೆರೆಯಲು ಪ್ರೋಗ್ರಾಮಿಗೆ ಹೇಳಿದಳು. 'ಅಂಥ ಫೈಲಿಲ್ಲ' ಎಂದು ಬರಬೇಕಾದಲ್ಲಿ ಪ್ರಿಂಟರು ಕಿರಕಿರ ಎಂದು ಅನುಮತಿ ಇಲ್ಲ ಎಂದು ಉಗುಳಿತು.

ಅವಳು ನನಗೆ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಿ ಪ್ರೋಗ್ರಾಮಿನೊಳಗೆ ಒಂದು ಪುಟ್ಟ ಸ್ಲೇಟು ಇದ್ದಂತೆ. ಯಾವುದಾದರೂ ಕೆಲಸ ಕೆಟ್ಟರೆ, ಯಾಕೆ ಕೆಟ್ಟಿತು ಎಂಬ ಸಂಖ್ಯೆ ಅದರ ಮೇಲೆ ಬೀಳುತ್ತದೆ. ಹದಿಮೂರು ಎಂದರೆ ಅನುಮತಿ ಇಲ್ಲ, ಇಪ್ಪತ್ತೆಂಟು ಎಂದರೆ ಡಿಸ್ಕಿನಲ್ಲಿ ಜಾಗ ಇಲ್ಲ, ಹೀಗೆ. ಸ್ಲೇಟು ಒಂದೇ, ಜಾಗ ಒಂದೇ. ಮತ್ತೊಂದು ಕೆಲಸ ಕೆಟ್ಟರೆ ಹಳೆಯ ಸಂಖ್ಯೆ ಅಳಿಸಿ ಹೊಸದು ಬರುತ್ತದೆ. ಆದ್ದರಿಂದ ದೂರು ಬರೆಯುವವನು ಬೇರೇನೂ ಮಾಡುವ ಮುಂಚೆ ಆ ಸಂಖ್ಯೆಯನ್ನು ನಕಲು ಮಾಡಿಟ್ಟುಕೊಳ್ಳಬೇಕು. ಇದು ಸಿ ಕಲಿಯುವವರ ಮೊದಲ ಪಾಠಗಳಲ್ಲೊಂದು. ಅತ್ತಿಗೆಯೇ ಹತ್ತು ಜನಕ್ಕೆ ಕಲಿಸಿದ್ದಾಳೆ.

ಕಳೆದ ವರ್ಷ ಮ್ಯಾನೇಜರು, ದೂರುಗಳು ತಮ್ಮ ಕೋಣೆಯ ಗೋಡೆಯ ಮೇಲೂ ಕೆಂಪು ದೀಪದಲ್ಲಿ ಹೊಳೆಯಬೇಕು ಎಂದಿದ್ದರು. ಒಂದು ಸಣ್ಣ ಫಲಕ ಬಂತು. ಅವಸರದಲ್ಲಿ ಅತ್ತಿಗೆ ದೂರು ಫಂಕ್ಷನ್ನಿನ ತಲೆಯ ಮೇಲೇ ನಾಲ್ಕು ಸಾಲು ಸೇರಿಸಿದಳು: ಮೊದಲು ಫಲಕ ತೆರೆ, ಆಮೇಲೆ ಬೇರೆಲ್ಲ. ತಿಂಗಳೊಳಗೆ ಗೋಡೆಗೆ ಬಣ್ಣ ಹೊಡೆಯಲು ಫಲಕ ಬಿಚ್ಚಿದರು, ಅದರ ದಾರಿಯನ್ನು ಯಾರೂ ಬಳಸದಂತೆ ಕಂಪ್ಯೂಟರಿನಲ್ಲಿ ಮುಚ್ಚಿದರು. ಅಂದಿನಿಂದ ಪ್ರತಿ ದೂರೂ ಮೊದಲು ಆ ಮುಚ್ಚಿದ ಬಾಗಿಲು ತಟ್ಟಿ, ಅನುಮತಿ ಇಲ್ಲ ಎಂದು ಅನ್ನಿಸಿಕೊಂಡು, ಆ ಕಾರಣವನ್ನೇ ತಂದು ಬೇರೆಯವರ ತೊಂದರೆಗೆ ಅಂಟಿಸುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಡೀ ಉಗ್ರಾಣದ ಪ್ರೋಗ್ರಾಮುಗಳ ತಪ್ಪು ಹಿಡಿದು ಹೇಳುವ ಫಂಕ್ಷನ್ನಿನ ಒಳಗೇ ತಪ್ಪು ಕೂತಿತ್ತು.

"ಅಂದ್ರೆ ಭಾನುವಾರ ಏನಾಗಿತ್ತು?" ಎಂದೆ.

"ಗೊತ್ತಿಲ್ಲ. ಏನು ಬೇಕಾದ್ರೂ ಆಗಿರಬಹುದು. ಅವ್ನು ಬೀಗ ಹಾಕಿದ ಅನ್ನೋದಕ್ಕೆ ಮಾತ್ರ ಸಾಕ್ಷಿ ಇಲ್ಲ. ನಾನೇ ಕಣೇ ಅವನನ್ನ ಕಳ್ಳ ಮಾಡಿದ್ದು."

ಆಗ ನಾನಾಡಿದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಬಾಯಿ ಮುಚ್ಕೊಂಡು ಆ ಸಾಲು ಸರಿ ಮಾಡು. ಕಾಗದ ಹಳೇದಾಗಿ ಅಳಿಸಿಹೋಗಿದೆ ಅಂತ ನಾನು ಹೇಳ್ತೀನಿ. ಅವನನ್ನ ಬಿಡಿಸೋಕೆ ಬೇರೆ ದಾರಿ ಹುಡುಕೋಣ. ನಿನ್ ಕೈಬರಹದಲ್ಲಿ ಬರೆದುಕೊಟ್ಟಿದ್ದೀಯ, ನಿನ್ ಕೆಲ್ಸಕ್ಕೇ ಕುತ್ತು ಬರುತ್ತೆ."

"ನಿಮ್ಮಣ್ಣನ್ನ ಕಟ್ಕೊಂಡಿದ್ದಕ್ಕೆ ನೀನೂ ನಂಗೆ ಉಚಿತವಾಗಿ ಸಿಕ್ಕೆ" ಎಂದಳು. ಅಷ್ಟು ಹೊತ್ತಿಗೆ ಅವಳ ಕಣ್ಣಲ್ಲಿ ನೀರಿತ್ತು, ಆದರೂ ನನ್ನನ್ನು ಬೈಯುವಷ್ಟು ತ್ರಾಣವಿತ್ತು. "ಕಾರಣ ಹೇಳೋದೇ ನನ್ ಕೆಲ್ಸ. ನನ್ ಕಾರಣ ನಾನೇ ಹೇಳ್ದೇ ಇದ್ರೆ ಇನ್ಯಾರು ಹೇಳ್ತಾರೆ?"

ಬುಧವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಹಿಡಿದು ಹೋದ ವಾರದ ಸೋಮವಾರ ಎಂಟು ಗಂಟೆಗೆ ಯಾರು ಏನು ಮಾಡಿದಿರಿ ಎಂದು ಕೇಳುತ್ತಾ ಹೋದಳು. ಮೂರನೆಯವನ ಹತ್ತಿರವೇ ಉತ್ತರ ಸಿಕ್ಕಿತು. ಗೇಟಿಗೆ ಹೊಸ ಕ್ಯಾಮೆರಾ ಹಾಕಿದ್ದ ಮಧ್ಯವಯಸ್ಸಿನ ಮೆಕ್ಯಾನಿಕ್ ಚಹಾ ಲೋಟ ಊದುತ್ತಾ, "ಓ ಅದಾ, ವಿಡಿಯೋ ಎಲ್ಲಾ ನಿಮ್ ಕಂಪ್ಯೂಟರ್ ಡಿಸ್ಕಿಗೇ ಹೋಗ್ತಿತ್ತು. ತುಂಬಿ ತುಳುಕ್ತಿತ್ತು ಮೇಡಂ. ಬಂದ ತಕ್ಷಣ ಹಳೇದೆಲ್ಲ ಅಳಿಸ್ದೆ" ಎಂದ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಡಿಸ್ಕಿನಲ್ಲಿ ಜಾಗ ಇಲ್ಲ, ಅಷ್ಟೇ. ಇಪ್ಪತ್ತೆಂಟನೇ ಸಂಖ್ಯೆ. ಅತ್ತಿಗೆ ಅವನ ಕೈ ಹಿಡಿದು ಕುಲುಕಿದ ರಭಸಕ್ಕೆ ಚಹಾ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಅಂದೇ ಮಧ್ಯಾಹ್ನ ಅವಳು ಬೇರೊಂದು ಕಂಪ್ಯೂಟರಿನ ಡಿಸ್ಕನ್ನು ಬೇಕೆಂದೇ ತುಂಬಿಸಿ, ಅದೇ ಪ್ರೋಗ್ರಾಂ ಓಡಿಸಿ, ಅದೇ ಸುಳ್ಳು ಮಾತು ಪ್ರಿಂಟಾಗುವುದನ್ನು ಕಣ್ಣಾರೆ ನೋಡಿದಳು. ಆಮೇಲೆ ತನ್ನ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಸಂಖ್ಯೆಯನ್ನು ಎತ್ತಿಟ್ಟುಕೊಳ್ಳುವಂತೆ ತಿದ್ದಿ, ಸರಿಯಾದ ಕಾರಣ ಬರುವುದನ್ನೂ ನೋಡಿದಳು. ಎರಡೂ ಕಾಗದ ಹರಿದು ಪರ್ಸಿನಲ್ಲಿಟ್ಟುಕೊಂಡಳು.

ಗುರುವಾರ ಹನ್ನೊಂದು ಗಂಟೆ. ಉದ್ದನೆ ಮೇಜು, ಆ ಕಡೆ ಮ್ಯಾನೇಜರು ಮತ್ತು ಇಬ್ಬರು ಹಿರಿಯ ಅಧಿಕಾರಿಗಳು, ಈ ಕಡೆ ಒಂಟಿ ಕುರ್ಚಿಯ ಮೇಲೆ ಮಫ್ಲರ್ ಅಣ್ಣ. ಹತ್ತು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಮೂಲೆಯಲ್ಲಿ ನಡಾವಳಿ ಬರೆಯಲು ಕೂತಿದ್ದೆ. ಅವನಿಗೆ ಪ್ರಶ್ನೆ ಕೇಳುವ ಮುಂಚೆಯೇ ಅತ್ತಿಗೆ ಎದ್ದು ನಿಂತಳು.

"ಸಾರ್, ನಾನು ಬರೆದುಕೊಟ್ಟಿದ್ದು ತಪ್ಪು. ದೂರು ಫಂಕ್ಷನ್ನಿನ ಮೊದಲ ನಾಲ್ಕು ಸಾಲು. ಬರೆದವಳು ನಾನು. ಕಾರಣ, ನನ್ನ ಅವಸರ."

ಎರಡು ಕಾಗದವನ್ನೂ ಮೇಜಿನ ಮೇಲಿಟ್ಟಳು. ಇಲಿ ಕಡಿದ ದಿನದ ಚೂರನ್ನೂ ಪಕ್ಕಕ್ಕಿಟ್ಟಳು. ಕ್ಯಾಮೆರಾದವನನ್ನು ಒಳಗೆ ಕರೆಸಿದಳು. ದಾಖಲೆ ಬರೆಯಲು ಆಗದಿದ್ದರೂ ಅದು ಎಚ್ಚರಿಕೆಯಾಗಿತ್ತೇ ಹೊರತು ದೋಷವಾಗಿರಲಿಲ್ಲ, ಆದ್ದರಿಂದ ಪ್ರೋಗ್ರಾಂ ನಿಂತಿರಲಿಲ್ಲ, ಭಾನುವಾರ ಇಡೀ ದಿನ ಶಾಖ ನೋಡುತ್ತಲೇ ಇತ್ತು, ಏರಿದ್ದರೆ ಸೈರನ್ ಕೂಗಿಯೇ ಕೂಗುತ್ತಿತ್ತು ಎಂದಳು.  ಹಿರಿಯ ಅಧಿಕಾರಿಯೊಬ್ಬರು ಅವನ ಕೈಬರಹದ ಕಾಗದ ತರಿಸಿ ಓದಿದರು. ಮ್ಯಾನೇಜರು ತಮ್ಮ ಗೋಡೆಯ ಕೆಂಪು ದೀಪದ ವಿಷಯ ಬಂದಾಗ ಕೆಮ್ಮಿದರು. ಒಳ್ಳೆಯ ಕೆಮ್ಮು, ಅದನ್ನು ನಡಾವಳಿಯಲ್ಲಿ ಬರೆಯಬೇಕೆನ್ನಿಸಿತು. ಹನ್ನೆರಡಕ್ಕೆ ಮುಂಚೆ ನೋಟಿಸು ಹಿಂತೆಗೆದುಕೊಂಡರು. ಅತ್ತಿಗೆಗೆ ಒಂದು ಲಿಖಿತ ಎಚ್ಚರಿಕೆ ಕೊಟ್ಟರು. "ಎಚ್ಚರಿಕೆ ತಾನೇ, ಕೆಲ್ಸ ಮುಂದುವರಿಯುತ್ತೆ" ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. ನಗು, ಅಳು ಎರಡೂ ಒಟ್ಟಿಗೆ ಬಂದು ಅವಳಿಗೆ ಬಿಕ್ಕಳಿಕೆ ಹತ್ತಿತು. ನನಗೂ ಎದೆಯ ಮೇಲಿನ ಬಂಡೆ ಇಳಿದಂತಾಗಿ ಪೆನ್ನಿನ ಮುಚ್ಚಳ ಎಲ್ಲಿ ಹಾಕಿದೆನೋ ಸಿಗಲೇ ಇಲ್ಲ.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಮಫ್ಲರ್ ಅಣ್ಣ ಕೂತಿದ್ದ. ಅತ್ತಿಗೆ ಅವನ ಮುಂದೆ ಹೋಗಿ ನಿಂತಳು. ಅವನು ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಬೈಯಲಿ ಎಂದೇ ನಾನೂ ಕಾಯುತ್ತಿದ್ದೆ. ಬೈದರೆ ಎಲ್ಲರಿಗೂ ಹಗುರವಾಗುತ್ತಿತ್ತು.

"ನನ್ನಿಂದ ತುಂಬಾ ದೊಡ್ಡ ತಪ್ಪಾಯ್ತಣ್ಣ" ಎಂದಳು.

ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಅವಳ ಕೈಗಿಟ್ಟ. ಗುಂಡಗುಂಡಗಿನ ಏಳನೇ ಕ್ಲಾಸಿನ ಅಕ್ಷರ. ದಾಖಲೆಗೆ ಬೀಗ ಹಾಕಿದ್ದು ನಾನೇ, ಕ್ಷಮಿಸಬೇಕು ಎಂದು ಬರೆದು ಕೆಳಗೆ ಸಹಿ ಮಾಡಿ, ವಿಚಾರಣೆಯಲ್ಲಿ ಕೊಡಲೆಂದು ತಂದಿದ್ದ.

"ಇದೇನಣ್ಣ ಇದು? ಮಾಡ್ದೇ ಇರೋದನ್ನ ಯಾಕೆ ಒಪ್ಕೊಂಡ್ರಿ?" ಕೇಳಿದವಳು ನಾನು, ಅತ್ತಿಗೆ ಇನ್ನೂ ಕಾಗದವನ್ನೇ ಓದುತ್ತಿದ್ದಳು.

"ದೂರು ಸುಳ್ಳು ಹೇಳಲ್ಲ ಅಂದಿದ್ರಲ್ಲಮ್ಮ ಇವ್ರು. ಇಷ್ಟು ವರ್ಷದಲ್ಲಿ ಒಂದ್ ಸಲನೂ ಹೇಳಿರ್ಲಿಲ್ಲ. ವಯಸ್ಸಾಯ್ತು, ಏನೋ ಒತ್ತಿಬಿಟ್ಟು ಮರ್ತಿದ್ದೀನೇನೋ ಅಂದ್ಕೊಂಡೆ. ಮನೇಲಿ ಮಗಳು ಕೇಳಿದ್ರೆ ಅವ್ಳಿಗೂ ಹಾಗೇ ಹೇಳ್ದೆ." ಅವನು ಬೆಂಚಿನಿಂದ ಎದ್ದ. ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಈಗ ಮನೆಗೆ ಹೋಗಿ ಬರ್ತೀನಿ. ನಾನು ಮಾಡಿಲ್ಲ ಅಂತ ಇವತ್ತು ನಂಗೂ ಗೊತ್ತಾಯ್ತು."